ಓದುಗರ ಪ್ರಶ್ನೆ: 1991ರಲ್ಲಿ ಯುರೋಪ್ ಗೆದ್ದ ರೆಡ್ ಸ್ಟಾರ್ ಮತ್ತೆ ಆ ಎತ್ತರ ಮುಟ್ಟಲಿಲ್ಲ, ಯಾಕೆ?

ಪ್ರಶ್ನೆ: ಸರ್ಬಿಯಾದ ಫುಟ್‌ಬಾಲ್ ಕ್ಲಬ್ ರೆಡ್ ಸ್ಟಾರ್ ಬೆಲ್‌ಗ್ರೇಡ್ ಒಂದು ಕಾಲದಲ್ಲಿ ಯುರೋಪಿನ ಚಾಂಪಿಯನ್ ಆಗಿತ್ತು. ಈಗ ಚಾಂಪಿಯನ್ಸ್ ಲೀಗ್‌ನಲ್ಲಿ ಕಾಣಿಸಿಕೊಂಡರೂ ಪಟ್ಟಿಯ ತಳದಲ್ಲೇ ಇರುತ್ತದೆ. ಸರ್ಬಿಯಾ ಆಗ ಸೇರಿದ್ದ ಯುಗೊಸ್ಲಾವಿಯಾವನ್ನು ಒಡೆದ ಯುದ್ಧ ಒಂದೇ ಇದಕ್ಕೆ ಕಾರಣವೇ?

ಉತ್ತರ: ಯುದ್ಧ ಅರ್ಧ ಕಾರಣ ಮಾತ್ರ. ಗೆದ್ದ ತಂಡ ಒಂದೇ ವರ್ಷದಲ್ಲಿ ಯಾಕೆ ಚದುರಿತು ಎಂಬುದನ್ನು ಯುದ್ಧ ಹೇಳುತ್ತದೆ. ಮೂವತ್ತು ವರ್ಷ ಕಳೆದರೂ ಅಂಥ ಇನ್ನೊಂದು ತಂಡ ಯಾಕೆ ಹುಟ್ಟಲಿಲ್ಲ ಎಂಬುದಕ್ಕೆ ಆಟಗಾರರ ಮಾರುಕಟ್ಟೆಯನ್ನೂ ಚಾಂಪಿಯನ್ಸ್ ಲೀಗ್‌ನ ಹಣದ ಹಂಚಿಕೆಯನ್ನೂ ನೋಡಬೇಕು. ಅದಕ್ಕೂ ಮೊದಲು, 1991ರ ತಂಡವನ್ನು ಕಟ್ಟಿದ್ದು ಹೇಗೆಂದು ತಿಳಿದರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಕ್ಲಬ್ ಹುಟ್ಟಿದ್ದು 1945ರ ಮಾರ್ಚ್ 4ರಂದು. 1951ರಲ್ಲಿ ಮೊದಲ ಲೀಗ್ ಪಟ್ಟ ಬಂತು. 1979ರಲ್ಲಿ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ) ಕಪ್ ಫೈನಲ್ ತಲುಪಿ ಬೊರುಸಿಯಾ ಮೊಂಚೆನ್‌ಗ್ಲಾಡ್‌ಬಾಕ್‌ಗೆ ಸೋತಿತು. ಅಂದರೆ ದೇಶದೊಳಗೆ ದೊಡ್ಡ ಹೆಸರು, ಯುರೋಪಿನಲ್ಲಿ ಹತ್ತಿರ ಹೋಗಿ ಹಿಂದಿರುಗುವ ತಂಡ. ಇದನ್ನು ಬದಲಿಸಬೇಕೆಂದು 1986ರ ಸುಮಾರಿಗೆ ಐದು ವರ್ಷದ ಯೋಜನೆ ಹಾಕಿದವರು ಕ್ಲಬ್‌ನ ಹಳೆಯ ತಾರೆ ಡ್ರಾಗನ್ ಜಾಯಿಚ್ ಮತ್ತು ಪ್ರಧಾನ ಕಾರ್ಯದರ್ಶಿ ವ್ಲಾಡಿಮಿರ್ ಸ್ವೆಟ್ಕೊವಿಚ್. ಯೋಜನೆ ಸರಳವಾಗಿತ್ತು: ಯುಗೊಸ್ಲಾವಿಯಾದ ಎಲ್ಲ ಮೂಲೆಗಳಿಂದ ಅತ್ಯುತ್ತಮ ಎಳೆಯರನ್ನು ಆರಿಸಿ ತರುವುದು, ಅವರನ್ನು ಕೆಲವು ವರ್ಷ ಒಟ್ಟಿಗೆ ಇಟ್ಟುಕೊಳ್ಳುವುದು.

ಎಲ್ಲಿಂದ ಯಾರು ಬಂದರು ನೋಡಿ. ಕ್ರೊಯೇಷಿಯಾದ ಡೈನಮೊ ಜಾಗ್ರೆಬ್ ಒಪ್ಪಂದ ಕೊಡದೆ ಕೈಬಿಟ್ಟ ಹುಡುಗ ರಾಬರ್ಟ್ ಪ್ರೊಸಿನೆಚ್ಕಿ 1987ರಲ್ಲಿ ಬಂದರು. ಮಾಂಟೆನೆಗ್ರೊದ ಬುದುಚ್‌ನೊಸ್ಟ್‌ನಿಂದ ಡೆಯಾನ್ ಸವಿಚೆವಿಚ್, ಮೆಸಿಡೋನಿಯಾದ ವಾರ್ಡರ್‌ನಿಂದ ಡಾರ್ಕೊ ಪಾಂಚೆವ್ ಮತ್ತು ಇಲಿಯಾ ನಾಯ್ದೊಸ್ಕಿ, ಸರಾಯೆವೊದ ಜೆಲೆಜ್ನಿಚಾರ್‌ನಿಂದ ರೆಫಿಕ್ ಶಬನಾಜೊವಿಚ್. ನೋವಿ ಸಾದ್‌ನ ವೊಯ್ವೊದಿನಾ ತಂಡದಿಂದ ಸಿನಿಶಾ ಮಿಹಾಯ್ಲೊವಿಚ್ ಬಂದದ್ದು 1990–91ರ ಚಳಿಗಾಲದ ಬಿಡುವಿನಲ್ಲಿ. ಮಿಯೊದ್ರಾಗ್ ಬೆಲೊಡೆಡಿಚ್ ರೊಮೇನಿಯಾದ ಸರ್ಬ್ ಕುಟುಂಬದವರು. 1986ರಲ್ಲಿ ಸ್ಟೆವಾ ಬುಕಾರೆಸ್ಟ್ ಜೊತೆ ಇದೇ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಿಂದಿನ ರೂಪ) ಗೆದ್ದಿದ್ದವರು, ದೇಶ ಬಿಟ್ಟು ಓಡಿಬಂದು ಒಂದು ವರ್ಷದ ನಿಷೇಧ ಅನುಭವಿಸಿ ಆಡತೊಡಗಿದರು. ಕ್ಲಬ್‌ನ ಸ್ವಂತ ಎಳೆಯರ ತಂಡದಿಂದ ವ್ಲಾಡಿಮಿರ್ ಯುಗೊವಿಚ್ ಮೇಲೆ ಬಂದರು.

ಇಷ್ಟು ಜನರನ್ನು ಹಿಡಿದಿಟ್ಟುಕೊಳ್ಳಲು ಸಾಧ್ಯವಾದದ್ದಕ್ಕೆ ಆಗಿನ ಕಟ್ಟುಪಾಡುಗಳೂ ನೆರವಾದವು. ಯುಗೊಸ್ಲಾವಿಯಾದಲ್ಲಿ ಬಹುಕಾಲ 28 ವರ್ಷ ತುಂಬದ ಆಟಗಾರ ವಿದೇಶಿ ಕ್ಲಬ್ ಸೇರುವಂತಿರಲಿಲ್ಲ. ಆ ನಿಯಮ ಕ್ರಮೇಣ ಸಡಿಲವಾಯಿತು. ರೆಡ್ ಸ್ಟಾರ್‌ನ ಡ್ರಾಗನ್ ಸ್ಟೊಯ್ಕೊವಿಚ್ 1990ರಲ್ಲಿ 25ನೇ ವಯಸ್ಸಿಗೇ ಫ್ರಾನ್ಸ್‌ನ ಮಾರ್ಸೆಲ್ ಸೇರಿದರು. ಇನ್ನೊಂದು ಕಡೆ, ಇಟಲಿಯಂಥ ಲೀಗ್‌ಗಳಲ್ಲಿ ಒಂದು ತಂಡ ಕಣಕ್ಕಿಳಿಸಬಹುದಾದ ವಿದೇಶಿಯರು ಮೂವರೇ. ಹೀಗಾಗಿ ಬೆಲ್‌ಗ್ರೇಡ್‌ನ ಇಪ್ಪತ್ತೆರಡರ ಹುಡುಗನಿಗೆ ಹೊರಗಿನ ಬಾಗಿಲು ಕಿರಿದಾಗಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1990–91ರ ಯುರೋಪಿಯನ್ ಕಪ್‌ನಲ್ಲಿ ತಂಡ ಗ್ರಾಸ್‌ಹಾಪರ್, ರೇಂಜರ್ಸ್, ಡೈನಮೊ ಡ್ರೆಸ್ಡೆನ್ ತಂಡಗಳನ್ನು ದಾಟಿ ಸೆಮಿಫೈನಲ್‌ನಲ್ಲಿ ಬಾಯರ್ನ್ ಮ್ಯೂನಿಕ್‌ಗೆ ಎದುರಾಯಿತು. ಮ್ಯೂನಿಕ್‌ನಲ್ಲಿ ಪಾಂಚೆವ್ ಮತ್ತು ಸವಿಚೆವಿಚ್ ಗೋಲುಗಳಿಂದ 2–1 ಗೆಲುವು. 1991ರ ಏಪ್ರಿಲ್ 24ರಂದು ಬೆಲ್‌ಗ್ರೇಡ್‌ನಲ್ಲಿ ಮಿಹಾಯ್ಲೊವಿಚ್ ಫ್ರೀಕಿಕ್‌ನಿಂದ ಮುನ್ನಡೆ ಸಿಕ್ಕಿತು. ಆದರೆ 65 ಮತ್ತು 66ನೇ ನಿಮಿಷಗಳಲ್ಲಿ ಬಾಯರ್ನ್ ಎರಡು ಗೋಲು ಹೊಡೆಯಿತು. ಒಟ್ಟು ಗೋಲು 3–3, ಹೊರಮೈದಾನದ ಗೋಲುಗಳೂ ಸಮ (ಒಟ್ಟು ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಗೆಲ್ಲುವುದು ಆಗಿನ ನಿಯಮ). ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗುವುದೇ ಸರಿ ಎಂಬಂತಿತ್ತು. 90ನೇ ನಿಮಿಷದಲ್ಲಿ ಎಡಬದಿಯಿಂದ ಮಿಹಾಯ್ಲೊವಿಚ್ ಒಳಗೆ ಹೊಡೆದ ಚೆಂಡು ಅಡ್ಡಬಂದ ಕ್ಲಾಸ್ ಔಗೆಂಥಾಲರ್ ಕಾಲಿಗೆ ತಾಗಿ ಮೇಲಕ್ಕೆ ಚಿಮ್ಮಿತು. ಗೋಲ್‌ಕೀಪರ್ ರೈಮಂಡ್ ಔಮನ್ ಹಿಂದಕ್ಕೆ ಸರಿದು ಕೈ ಚಾಚಿದರು, ಬೆರಳಿಗೆ ಸಿಕ್ಕರೂ ಚೆಂಡು ನಿಲ್ಲದೆ ಬಲೆಯೊಳಗೆ ಬಿತ್ತು. ನಮ್ಮ ಮಟ್ಟಿಗೆ ರೆಡ್ ಸ್ಟಾರ್ ಚರಿತ್ರೆಯ ಅತಿ ದೊಡ್ಡ ಕ್ಷಣ ಇದೇ, ಫೈನಲ್ ಅಲ್ಲ.

ಮೇ 29ರಂದು ಇಟಲಿಯ ಬಾರಿಯಲ್ಲಿ ಮಾರ್ಸೆಲ್ ವಿರುದ್ಧ ನಡೆದ ಫೈನಲ್ ಯಾಕೆ ಅಷ್ಟು ನೀರಸ ಎಂದೂ ಹಲವರು ಕೇಳುತ್ತಾರೆ. ಅದು ಕೋಚ್ ಲ್ಯುಪ್ಕೊ ಪೆಟ್ರೊವಿಚ್ ಬೇಕೆಂದೇ ಮಾಡಿದ್ದು. ಮುನ್ನುಗ್ಗಿದರೆ ಮಾರ್ಸೆಲ್‌ಗೆ ಪ್ರತಿದಾಳಿಗೆ ಜಾಗ ಸಿಗುತ್ತದೆಂದು ತಂಡ ಚೆಂಡನ್ನೇ ಎದುರಾಳಿಗೆ ಬಿಟ್ಟುಕೊಟ್ಟಿತು. 120 ನಿಮಿಷ ಮುಗಿದರೂ 0–0. ಶೂಟೌಟ್‌ನಲ್ಲಿ ಮಾರ್ಸೆಲ್‌ನ ಮೊದಲ ಪೆನಾಲ್ಟಿಯನ್ನು, ಮಾನುಯೆಲ್ ಅಮೊರೊಸ್ ಹೊಡೆದದ್ದನ್ನು, ನಾಯಕ ಹಾಗೂ ಗೋಲ್‌ಕೀಪರ್ ಸ್ಟೆವಾನ್ ಸ್ಟೊಯಾನೊವಿಚ್ ತಡೆದರು. ಪ್ರೊಸಿನೆಚ್ಕಿ, ಬಿನಿಚ್, ಬೆಲೊಡೆಡಿಚ್, ಮಿಹಾಯ್ಲೊವಿಚ್, ಪಾಂಚೆವ್ ಐವರೂ ಗುರಿ ತಪ್ಪಲಿಲ್ಲ. 5–3. ಬದಲಿಯಾಗಿ ಇಳಿದಿದ್ದ ಸ್ಟೊಯ್ಕೊವಿಚ್ ತಮ್ಮ ಹಳೆಯ ಕ್ಲಬ್ ವಿರುದ್ಧ ಪೆನಾಲ್ಟಿ ಹೊಡೆಯಲು ಒಪ್ಪಲಿಲ್ಲ.

ಇನ್ನು ಕುಸಿತದ ಕತೆ. ಮೈದಾನದಲ್ಲಿ ಅದರ ಮುನ್ಸೂಚನೆ 1990ರ ಮೇ 13ರಂದೇ ಸಿಕ್ಕಿತ್ತು. ಜಾಗ್ರೆಬ್‌ನ ಮಕ್ಸಿಮಿರ್‌ನಲ್ಲಿ ಡೈನಮೊ ಮತ್ತು ರೆಡ್ ಸ್ಟಾರ್ ಬೆಂಬಲಿಗರ ಹೊಡೆದಾಟದಿಂದ ಪಂದ್ಯವೇ ನಡೆಯಲಿಲ್ಲ. ಕಪ್ ಗೆದ್ದ ಬೇಸಿಗೆಯಲ್ಲೇ ಪ್ರೊಸಿನೆಚ್ಕಿ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಯುದ್ಧ ಹಬ್ಬಿದ್ದರಿಂದ 1991–92ರ ಯುರೋಪಿಯನ್ ಪಂದ್ಯಗಳನ್ನು ಬೆಲ್‌ಗ್ರೇಡ್‌ನಲ್ಲಿ ಆಡಿಸಲಾಗಲಿಲ್ಲ. ಹಾಲಿ ಚಾಂಪಿಯನ್ನರ ತವರು ಪಂದ್ಯಗಳು ಹಂಗೇರಿಯ ಸೆಗೆಡ್ ಮತ್ತು ಬುಡಾಪೆಸ್ಟ್‌ನಲ್ಲಿ, ಬಲ್ಗೇರಿಯಾದ ಸೋಫಿಯಾದಲ್ಲಿ ನಡೆದವು. ಹಾಗಿದ್ದೂ ಗುಂಪಿನಲ್ಲಿ ಸಂಪ್ಡೋರಿಯಾದ ಹಿಂದೆ ಎರಡನೇ ಸ್ಥಾನ ಪಡೆದರು. ಡಿಸೆಂಬರ್ 8ರಂದು ಟೋಕಿಯೊದಲ್ಲಿ, ಸವಿಚೆವಿಚ್ ಕೆಂಪು ಕಾರ್ಡ್ ಪಡೆದು ಹೊರಹೋದರೂ ಚಿಲಿಯ ಕೊಲೊ-ಕೊಲೊ ತಂಡವನ್ನು 3–0ರಿಂದ ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದರು. ಈ ಎಂಟು ತಿಂಗಳ ಆಟಕ್ಕೆ ಸಿಗಬೇಕಾದಷ್ಟು ಮನ್ನಣೆ ಇಂದಿಗೂ ಸಿಕ್ಕಿಲ್ಲ.

1992ರ ಮೇ 30ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಣಯ 757ರ ಮೂಲಕ ಯುಗೊಸ್ಲಾವಿಯಾದ ಮೇಲೆ ದಿಗ್ಬಂಧನ ಹೇರಿತು. ಕ್ರೀಡೆಯೂ ಅದರೊಳಗೆ ಸೇರಿತ್ತು. ರಾಷ್ಟ್ರೀಯ ತಂಡ ಯುರೋ 92ರಿಂದ ಹೊರಬಿದ್ದಾಗ ಆ ಜಾಗಕ್ಕೆ ಬಂದ ಡೆನ್ಮಾರ್ಕ್ ಕಪ್ಪನ್ನೇ ಗೆದ್ದಿತು. ಆಟವಾಡಲು ಯುರೋಪ್ ಇಲ್ಲದ ಮೇಲೆ ಆಟಗಾರರು ಯಾಕೆ ಉಳಿಯುತ್ತಾರೆ? ಸವಿಚೆವಿಚ್ ಮಿಲಾನ್‌ಗೆ, ಪಾಂಚೆವ್ ಇಂಟರ್‌ಗೆ, ಮಿಹಾಯ್ಲೊವಿಚ್ ರೋಮಾಗೆ, ಯುಗೊವಿಚ್ ಸಂಪ್ಡೋರಿಯಾಗೆ, ಬೆಲೊಡೆಡಿಚ್ ವಲೆನ್ಸಿಯಾಗೆ ಹೋದರು. ಕ್ರೊಯೇಷಿಯಾ, ಸ್ಲೊವೇನಿಯಾದ ಕ್ಲಬ್‌ಗಳು ಆಗಲೇ ಲೀಗ್ ಬಿಟ್ಟಿದ್ದವು, ಬೋಸ್ನಿಯಾ ಮತ್ತು ಮೆಸಿಡೋನಿಯಾದವೂ ಹೋದವು. ಪ್ರೊಸಿನೆಚ್ಕಿ, ಪಾಂಚೆವ್, ಶಬನಾಜೊವಿಚ್ ಬಂದ ದಾರಿಗಳೆಲ್ಲ ಪರದೇಶದ ಗಡಿಯಾಚೆ ಉಳಿದವು. ತಂಡ ಹೋದದ್ದಕ್ಕಿಂತ ಇದು ದೊಡ್ಡ ನಷ್ಟ, ಏಕೆಂದರೆ ಆಟಗಾರರನ್ನು ಆರಿಸುತ್ತಿದ್ದ ದೇಶವೇ ಇಲ್ಲವಾಗಿತ್ತು.

1995ರಲ್ಲಿ ರೆಡ್ ಸ್ಟಾರ್ ಯುರೋಪಿಗೆ ಮರಳಿತು. ಅದೇ ವರ್ಷ ಡಿಸೆಂಬರ್ 15ರಂದು ಯುರೋಪಿಯನ್ ನ್ಯಾಯಾಲಯದ ಬೋಸ್ಮನ್ ತೀರ್ಪು ಬಂತು. ಒಪ್ಪಂದ ಮುಗಿದ ಆಟಗಾರ ಹಳೆಯ ಕ್ಲಬ್‌ಗೆ ವರ್ಗಾವಣೆ ಹಣ ಸಲ್ಲದೆ ಕ್ಲಬ್ ಬದಲಿಸಬಹುದು ಎಂಬ ಭಾಗ ಎಲ್ಲರಿಗೂ ಗೊತ್ತು. ಸರ್ಬಿಯಾಕ್ಕೆ ಹೆಚ್ಚು ಪೆಟ್ಟು ಕೊಟ್ಟದ್ದು ಇನ್ನೊಂದು ಭಾಗ. ಯುರೋಪಿಯನ್ ಒಕ್ಕೂಟದ ಆಟಗಾರರು ಇನ್ನು ಮುಂದೆ ವಿದೇಶಿಯರ ಲೆಕ್ಕಕ್ಕೆ ಬರುವುದಿಲ್ಲ ಎಂದಾಯಿತು. ಅಲ್ಲಿಯವರೆಗೆ ಡಚ್ಚರು, ಜರ್ಮನ್ನರು ಹಿಡಿದಿದ್ದ ವಿದೇಶಿ ಸ್ಥಾನಗಳು ಖಾಲಿಯಾಗಿ, ಒಕ್ಕೂಟದ ಹೊರಗಿನ ಬ್ರೆಜಿಲ್, ಸರ್ಬಿಯಾದ ಹುಡುಗರಿಗೆ ತೆರೆದವು. ಮೊದಲು ಕಿರಿದಾಗಿದ್ದ ಬಾಗಿಲು ಅಗಲವಾಯಿತು. 1998ರಲ್ಲಿ ಡೆಯಾನ್ ಸ್ಟಾಂಕೊವಿಚ್ 19ನೇ ವಯಸ್ಸಿಗೇ ಲಾಟ್ಸಿಯೊ ಸೇರಿದರು. ಐದು ವರ್ಷ ಒಟ್ಟಿಗೆ ಇಟ್ಟುಕೊಳ್ಳುವ ಜಾಯಿಚ್ ಯೋಜನೆ ಅಲ್ಲಿಗೆ ಮುಗಿಯಿತು.

2000 ಮತ್ತು 2001ರಲ್ಲಿ ಲೀಗ್ ಪಟ್ಟ ಬಂದರೂ ಯುರೋಪಿನಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. (ಆ ಕಾಲದಲ್ಲಿ ರೆಡ್ ಸ್ಟಾರ್‌ನಲ್ಲಿ ಆಡಿದ್ದ ಇವಾನ್ ವುಕೊಮನೊವಿಚ್ ನಮ್ಮವರಿಗೂ ಪರಿಚಿತರು: 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಫ್ರೀಕಿಕ್ ಗೋಲಿನ ನಂತರ ಕೇರಳ ಬ್ಲಾಸ್ಟರ್ಸ್ ತಂಡವನ್ನು ಮೈದಾನದಿಂದ ಹೊರಗೆ ಕರೆದ ಕೋಚ್ ಅವರೇ.) 2008ರಿಂದ 2013ರವರೆಗೆ ಸತತ ಆರು ಪಟ್ಟ ಬೆಲ್‌ಗ್ರೇಡ್‌ನ ಎದುರಾಳಿ ಕ್ಲಬ್ ಪಾರ್ಟಿಜಾನ್ ಪಾಲಾದವು. 2014ರಲ್ಲಿ ರೆಡ್ ಸ್ಟಾರ್ ಮತ್ತೆ ಲೀಗ್ ಗೆದ್ದಿತು. ಆದರೆ ಬಾಕಿ ಪಾವತಿಗಳ ಕಾರಣ ಯುಇಎಫ್‌ಎ ಅದನ್ನು ಚಾಂಪಿಯನ್ಸ್ ಲೀಗ್‌ನಿಂದ ಹೊರಗಿಟ್ಟು ಆ ಸ್ಥಾನವನ್ನು ಪಾರ್ಟಿಜಾನ್‌ಗೆ ಕೊಟ್ಟಿತು. ಗೆದ್ದ ವರ್ಷವೇ ಬಂದ ಈ ಅವಮಾನ ಬೆಂಬಲಿಗರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿದೆ.

ಈಗಿನ ಕಷ್ಟ ಅರ್ಹತಾ ಸುತ್ತುಗಳದ್ದು. 2018ರ ದಾರಿಯನ್ನೇ ತೆಗೆದುಕೊಳ್ಳಿ. ಜುಲೈಯಲ್ಲಿ ಲಾಟ್ವಿಯಾದ ಸ್ಪಾರ್ಟಕ್ಸ್ ಯುರ್ಮಲಾ, ನಂತರ ಲಿಥುವೇನಿಯಾದ ಸುದುವಾ, ಆಮೇಲೆ ಹೆಚ್ಚುವರಿ ಸಮಯದವರೆಗೂ ಕಾಡಿದ ಸ್ಲೊವಾಕಿಯಾದ ಸ್ಪಾರ್ಟಕ್ ತ್ರ್ನಾವಾ, ಕೊನೆಗೆ ಪ್ಲೇಆಫ್‌ನಲ್ಲಿ ಸಾಲ್ಜ್‌ಬರ್ಗ್. ಬೆಲ್‌ಗ್ರೇಡ್‌ನಲ್ಲಿ 0–0, ಆಸ್ಟ್ರಿಯಾದಲ್ಲಿ 0–2 ಹಿಂದೆ ಬಿದ್ದಾಗ ಬೆನ್ ನಬೂಹಾನ್ 65 ಮತ್ತು 66ನೇ ನಿಮಿಷದಲ್ಲಿ ಎರಡು ಗೋಲು ಹೊಡೆದರು. ಒಟ್ಟು ಎಂಟು ಪಂದ್ಯ, ಅದೂ ದೇಶದ ಲೀಗ್ ಸರಿಯಾಗಿ ಲಯ ಹಿಡಿಯುವ ಮುಂಚೆ. ದಾಟಿದ್ದು ಹೊರಮೈದಾನದ ಗೋಲಿನ ನಿಯಮದಿಂದ. ಮರುವರ್ಷ ಯಂಗ್ ಬಾಯ್ಸ್ ವಿರುದ್ಧವೂ ಅದೇ ನಿಯಮ ಕೈಹಿಡಿಯಿತು. 2021ರಲ್ಲಿ ಯುಇಎಫ್‌ಎ ಅದನ್ನು ತೆಗೆದುಹಾಕಿತು.

ಗುಂಪು ಹಂತ ಮುಟ್ಟಿದ್ದಕ್ಕೆ 2018–19ರಲ್ಲಿ ಪ್ರತಿ ಕ್ಲಬ್‌ಗೆ 1.525 ಕೋಟಿ ಯೂರೊ, ಗೆಲುವಿಗೆ 27 ಲಕ್ಷ, ಡ್ರಾಗೆ 9 ಲಕ್ಷ. ನಪೋಲಿ ಜೊತೆ ಡ್ರಾ, ನವೆಂಬರ್ 6ರಂದು ಮಿಲಾನ್ ಪಾವ್ಕೊವ್ ಎರಡು ಗೋಲಿನಿಂದ ಲಿವರ್‌ಪೂಲ್ ವಿರುದ್ಧ 2–0 ಗೆಲುವು. ಆ ಲಿವರ್‌ಪೂಲ್ ಮುಂದೆ ಕಪ್ ಎತ್ತಿತು. ರೆಡ್ ಸ್ಟಾರ್ ನಾಲ್ಕು ಅಂಕದೊಂದಿಗೆ ಗುಂಪಿನ ಕೊನೆಗೆ ಉಳಿಯಿತು. ಬಂದ ಹಣ ಸರ್ಬಿಯಾದೊಳಗೆ ದೊಡ್ಡದು: 2018ರಿಂದ 2025ರವರೆಗೆ ಸತತ ಎಂಟು ಲೀಗ್ ಪಟ್ಟ, 2020–21ರಲ್ಲಿ 38 ಪಂದ್ಯಗಳಲ್ಲಿ ಒಂದೂ ಸೋಲದೆ 108 ಅಂಕ. ಹೊರಗೆ ಅದೇ ಹಣ ಸಾಲದು. 2024–25ರ ಲೀಗ್ ಹಂತದಲ್ಲಿ (ಗುಂಪು ಹಂತದ ಬದಲಿಗೆ ಬಂದದ್ದು) ಸ್ಟುಟ್‌ಗಾರ್ಟ್ ವಿರುದ್ಧ 5–1 ಗೆದ್ದ ತಂಡವೇ ಬಾರ್ಸಿಲೋನಾಗೆ 2–5ರಿಂದ, ಮೊನಾಕೊಗೆ 1–5ರಿಂದ ಸೋತಿತು. ದೇಶದ ಲೀಗ್‌ನಲ್ಲಿ ವಾರವಾರವೂ ಒತ್ತಡವಿಲ್ಲದೆ ಆಡುವ ರಕ್ಷಣಾ ಸಾಲು ಅಂಥ ವೇಗಕ್ಕೆ ಒಗ್ಗುವುದು ಕಷ್ಟ.

ಪ್ಲೇಆಫ್ ತಪ್ಪಿದರೆ ಇಡೀ ವರ್ಷದ ಲೆಕ್ಕ ಕೆಡುತ್ತದೆ. 2022ರಲ್ಲಿ ಮಕಾಬಿ ಹೈಫಾ ವಿರುದ್ಧ ಬೆಲ್‌ಗ್ರೇಡ್‌ನಲ್ಲಿ 90ನೇ ನಿಮಿಷಕ್ಕೆ ತಮ್ಮದೇ ಬಲೆಗೆ ಚೆಂಡು ಸೇರಿಸಿದವರು ಲಿವರ್‌ಪೂಲ್ ಮಣಿಸಿದ ಅದೇ ಪಾವ್ಕೊವ್. 2023ರಲ್ಲಿ ಸರ್ಬಿಯಾದ ರ‍್ಯಾಂಕಿಂಗ್ ಮೇಲಿದ್ದ ಕಾರಣ ನೇರ ಪ್ರವೇಶ ಸಿಕ್ಕಿತು, ಮರುವರ್ಷ ಬೊಡೊ/ಗ್ಲಿಮ್ಟ್ ತಂಡವನ್ನು ದಾಟಬೇಕಾಯಿತು. 2025ರ ಆಗಸ್ಟ್‌ನಲ್ಲಿ ಸೈಪ್ರಸ್‌ನ ಪಾಫೊಸ್ ವಿರುದ್ಧ ತವರಿನಲ್ಲಿ 1–2 ಸೋತು, ಹೊರಗೆ 1–1 ಡ್ರಾ ಮಾಡಿಕೊಂಡು ಹೊರಬಿದ್ದರು. ಲೀಗ್ ಹಂತದ ಪ್ರವೇಶಕ್ಕೇ ಸಿಗಬೇಕಿದ್ದ 1.862 ಕೋಟಿ ಯೂರೊ ಕೈತಪ್ಪಿ, ಆ ಋತುವನ್ನು ಎರಡನೇ ದರ್ಜೆಯ ಟೂರ್ನಿಯಾದ ಯುರೋಪಾ ಲೀಗ್‌ನಲ್ಲಿ ಆಡಬೇಕಾಯಿತು.