ಬಕೆಟ್ ತುಂಬ ನೀರು, ಆದರೂ ಸಸಿ ಬಾಡುವುದೇಕೆ?

ಟೊಮೆಟೊ ಸಸಿಯನ್ನು ಹೈಡ್ರೋಪೋನಿಕ್ಸ್ ಬಕೆಟ್‌ಗೆ, ಅಂದರೆ ಮಣ್ಣಿಲ್ಲದೆ ಗೊಬ್ಬರ ಬೆರೆಸಿದ ನೀರಿನಲ್ಲೇ ಗಿಡ ಬೆಳೆಸುವ ಬಕೆಟ್‌ಗೆ ನೆಟ್ಟವರು ಒಂದೆರಡು ದಿನದಲ್ಲೇ ಗಾಬರಿಯಾಗುವುದುಂಟು. ಬೇರು ನೀರಿನಲ್ಲೇ ಇದೆ. ಗೊಬ್ಬರವನ್ನೂ ಅಳತೆ ನೋಡಿಯೇ ಬೆರೆಸಿದ್ದಾರೆ. ಆದರೂ ಎಲೆಗಳು ಜೋತುಬಿದ್ದಿವೆ. ಮನೆಯ ಹಿರಿಯರು ದೃಷ್ಟಿ ತಾಗಿದೆ ಅಂತಾರೆ. ಅಂಗಡಿಯವರು ಬೇರು ಬೆಳೆಸುವ ಟಾನಿಕ್ ಅಂತ ಒಂದು ಬಾಟಲಿ ಕೈಗಿಡುತ್ತಾರೆ. ಪಕ್ಕದ ಮನೆಯವರು ಇನ್ನಷ್ಟು ನೀರು ಹಾಕಿ ಅಂತಾರೆ. ಈ ಮೂರರಲ್ಲಿ ಕೊನೆಯ ಸಲಹೆಯೇ ಹೆಚ್ಚು ಅಪಾಯದ್ದು. ಆ ಸಸಿಗೆ ಬೇಕಾಗಿರುವುದು ಗಾಳಿ.

ಗಿಡ ಆಮ್ಲಜನಕ ಕೊಡುತ್ತದೆ ಅಂತ ಶಾಲೆಯಲ್ಲಿ ಕಲಿತದ್ದು ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಗಿಡಕ್ಕೂ ಆಮ್ಲಜನಕ ಬೇಕು ಅನ್ನುವುದೇ ಮರೆತುಹೋಗಿದೆ. ಬೇರಿಗೆ ಬೆಳಕಿಲ್ಲ. ಎಲೆ ಕಳಿಸಿದ ಸಕ್ಕರೆಯನ್ನು ಅದು ನಮ್ಮ ಹಾಗೆಯೇ ಆಮ್ಲಜನಕದಿಂದ ಉರಿಸಿ ಶಕ್ತಿ ಪಡೆಯಬೇಕು. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ ಜೀವಕೋಶ ಶಕ್ತಿಗಾಗಿ ಖರ್ಚು ಮಾಡುವ ಅಣುಗಳು, ಸಿಗುತ್ತವೆ. ಇಲ್ಲದಿದ್ದರೆ ಬರೀ 2. ನೈಟ್ರೇಟ್, ಪೊಟ್ಯಾಸಿಯಂ ಒಳಗೆಳೆದುಕೊಳ್ಳುವುದಕ್ಕೆ ಈ ಶಕ್ತಿಯೇ ಬೇಕು. ಅದಿಲ್ಲದಿದ್ದರೆ ಎಷ್ಟು ಒಳ್ಳೆಯ ಗೊಬ್ಬರ ಬೆರೆಸಿದರೂ ಸುಮ್ನೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಹೆಚ್ಚೆಂದರೆ 9 ಮಿಲಿಗ್ರಾಂ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಿಂತ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಯಲ್ಲಿ ಹರಡುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಬೇರು ತನ್ನ ಸುತ್ತಲಿನ ಆಮ್ಲಜನಕವನ್ನು ಬಳಸಿ ಮುಗಿಸಿದರೆ, ಅರ್ಧ ಅಡಿ ಆಚೆಯ ಆಮ್ಲಜನಕ ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಂದು ತಲುಪುವುದಿಲ್ಲ.

ಸರಿ, ಉಸಿರುಕಟ್ಟಿತು. ಆದರೆ ನೀರಿನಲ್ಲೇ ನಿಂತ ಗಿಡ ನೀರಿಲ್ಲದಂತೆ ಬಾಡುವುದು ಯಾಕೆ? ನನಗೆ ಇಡೀ ಸಸ್ಯವಿಜ್ಞಾನದಲ್ಲೇ ತುಂಬ ಇಷ್ಟವಾದ ಸಂಗತಿ ಇದು.

ಬೇರಿನ ಜೀವಕೋಶಗಳ ಪೊರೆಯಲ್ಲಿ ಅಕ್ವಾಪೋರಿನ್ ಅನ್ನುವ ಪ್ರೋಟೀನ್‌ಗಳಿವೆ. ಇವು ನೀರಿನ ಅಣುಗಳನ್ನು ಒಂದರ ಹಿಂದೆ ಒಂದರಂತೆ ಒಳಗೆ ಬಿಡುವ ಸಣ್ಣ ದಾರಿಗಳು. ಇವನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಿಕ್ಕಿತು. ಅದೇ ವರ್ಷ ಫ್ರಾನ್ಸಿನ ಮಾಂಪೆಲಿಯೆಯ ಸಂಶೋಧಕರು ಬೇರಿನಲ್ಲಿ ನಡೆಯುವುದನ್ನು ತೋರಿಸಿಕೊಟ್ಟರು. ಆಮ್ಲಜನಕ ನಿಂತಾಗ ಕೋಶದ ಒಳಗಿನ ದ್ರವ ಸ್ವಲ್ಪ ಹುಳಿಯಾಗುತ್ತದೆ, ಅಂದರೆ ಅದರ ಪಿಎಚ್ ಇಳಿಯುತ್ತದೆ. ಆಗ ಅಕ್ವಾಪೋರಿನ್‌ನಲ್ಲಿರುವ ಹಿಸ್ಟಿಡಿನ್ ಅನ್ನುವ ಒಂದು ಅಮೈನೋ ಆಮ್ಲಕ್ಕೆ ಪ್ರೋಟಾನ್ ಬಂದು ಅಂಟುತ್ತದೆ. ಅಷ್ಟಕ್ಕೇ ಪ್ರೋಟೀನ್‌ನ ಆಕಾರ ಬದಲಾಗಿ ದಾರಿ ಮುಚ್ಚಿಕೊಳ್ಳುತ್ತದೆ. ಕೆರೆ ಕೋಡಿ ಬೀಳುವಷ್ಟು ತುಂಬಿದ್ದರೂ ತೂಬು ಮುಚ್ಚಿದ್ದರೆ ಕೆಳಗಿನ ಗದ್ದೆ ಒಣಗುತ್ತದಲ್ವಾ? ಇಲ್ಲೂ ಹಾಗೆಯೇ. ಕೆರೆಗೆ ಮತ್ತಷ್ಟು ನೀರು ಬಂದರೆ ಗದ್ದೆಗೆ ಏನು ಲಾಭ?

ಟೊಮೆಟೊದಲ್ಲಿ ಇನ್ನೊಂದು ಬಗೆಯ ಜೋಲುವಿಕೆಯೂ ಇದೆ. ಎಲೆ ಮುಟ್ಟಿದರೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ತೊಟ್ಟು ಕೆಳಕ್ಕೆ ಬಾಗಿರುತ್ತದೆ. ಉಸಿರುಕಟ್ಟಿದ ಬೇರಿನಲ್ಲಿ ಎಸಿಸಿ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ. ಅದು ಎಥಿಲೀನ್ ಅನಿಲವಾಗಬೇಕಾದರೆ ಆಮ್ಲಜನಕ ಬೇಕು, ಬೇರಿನಲ್ಲಿ ಅದಿಲ್ಲ. ಹಾಗಾಗಿ ಎಸಿಸಿ ನೀರಿನೊಂದಿಗೆ ಮೇಲೇರಿ, ಎಲೆಗೆ ತಲುಪಿದ ಮೇಲೆ ಎಥಿಲೀನ್ ಆಗುತ್ತದೆ. ಅದರಿಂದ ತೊಟ್ಟಿನ ಮೇಲ್ಭಾಗ ಕೆಳಭಾಗಕ್ಕಿಂತ ಜಾಸ್ತಿ ಬೆಳೆದು ಎಲೆ ಬಾಗುತ್ತದೆ. ಎಷ್ಟು ಚೆನ್ನಾದ ಏರ್ಪಾಡು ನೋಡಿ! ಕೆಳಗೆ ಉಸಿರುಕಟ್ಟಿದ ಸುದ್ದಿಯನ್ನು ಮೇಲಿನ ಎಲೆ ಓದುತ್ತದೆ. ಇದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಕೂತರೆ ಬೇರು ಕೊಳೆಯುವುದಕ್ಕೆ ನಾವೇ ಸಮಯ ಕೊಟ್ಟಂತೆ.

ಹಾಗಾದರೆ ಭತ್ತ? ಅದರ ಬೇರಿನೊಳಗೆ ಕೆಲವು ಕೋಶಗಳು ಸತ್ತು ಉದ್ದುದ್ದ ಗಾಳಿಯ ಕೊಳವೆಗಳಾಗಿರುತ್ತವೆ. ಎಲೆಯಿಂದ ಗಾಳಿ ನೇರ ಬೇರಿನ ತುದಿಗೆ ಇಳಿಯುತ್ತದೆ. ಅಘನಾಶಿನಿ ನದಿ ಸಮುದ್ರ ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಉಪ್ಪುನೀರಿನಲ್ಲೂ ನಿಲ್ಲುತ್ತದೆ. ಟೊಮೆಟೊಗೆ ಅಂಥ ಸಿದ್ಧತೆ ಹುಟ್ಟಿನಿಂದಲೇ ಇಲ್ಲ.

ನೀರಿನಲ್ಲಿ ಗಿಡ ಬೆಳೆಸುವುದು ಇತ್ತೀಚಿನ ನಗರದ ಶೋಕಿ ಅನ್ನುವವರಿಗೆ ಹಳೆಯ ಕತೆ ಹೇಳಬೇಕು. 1699ರಲ್ಲೇ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನ ಜಾತಿಯ ಗಿಡವನ್ನು ಮಳೆನೀರು, ಥೇಮ್ಸ್ ನದಿಯ ನೀರು, ತೋಟದ ಮಣ್ಣು ಕದಡಿದ ನೀರು ಹೀಗೆ ಬೇರೆಬೇರೆ ನೀರಿನಲ್ಲಿ ಬೆಳೆಸಿ ತೂಗಿ ನೋಡಿದರು. ಮಣ್ಣು ಕದಡಿದ ನೀರಿನ ಗಿಡ ಚೆನ್ನಾಗಿ ಬೆಳೆಯಿತು. ಬರೀ ನೀರಿನಿಂದಲೇ ಗಿಡ ಆಗುವುದಿಲ್ಲ ಅಂತ ಆಗಲೇ ಗೊತ್ತಾಯಿತು. 1860ರ ಹೊತ್ತಿಗೆ ಜರ್ಮನಿಯ ಜೂಲಿಯಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ಕ್ನಾಪ್ ಯಾವ ಲವಣಗಳು ಬೇಕು ಅಂತ ಗುರುತಿಸಿ ಮಣ್ಣಿಲ್ಲದೆಯೇ ಗಿಡ ಬೆಳೆಸಿದರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿಲಿಯಂ ಗೆರಿಕೆ ನೀರಿನ ತೊಟ್ಟಿಯಲ್ಲಿ ಎತ್ತರದ ಟೊಮೆಟೊ ಬೆಳೆಸಿದಾಗ ಪತ್ರಿಕೆಗಳು ಕುಣಿದಾಡಿದವು. ಇನ್ನು ಹೊಲಗಳೇ ಬೇಡ ಅನ್ನುವ ಮಾತೂ ಬಂತು. ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಸಮಾಧಾನವಾಗಿ ಉತ್ತರ ಕೊಟ್ಟರು: ಒಳ್ಳೆಯ ಮಣ್ಣು ಕೊಡುವ ಇಳುವರಿಗಿಂತ ಇದರಲ್ಲಿ ವಿಶೇಷವೇನಿಲ್ಲ. ಅವರು ಕೊಟ್ಟ ಗೊಬ್ಬರದ ಸೂತ್ರ ಮಾತ್ರ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಈಗ ಬಕೆಟ್‌ಗೆ ಬರೋಣ. ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ಮೂರ್ನಾಲ್ಕು ನಿಜವಾದ ಎಲೆ ಬಂದ, ತೆಂಗಿನ ನಾರಿನ ಪುಡಿಯಲ್ಲಿ ಬೆಳೆದ ಸಸಿ ಒಳ್ಳೆಯದು. ಮಣ್ಣಿನಿಂದ ಕಿತ್ತು ತೊಳೆಯಲು ಹೋದರೆ ನೀರು ಹೀರುವ ಬೇರುಗೂದಲುಗಳು ಹರಿದುಹೋಗುತ್ತವೆ. ಪುಡಿಯ ಉಂಡೆಯ ಸಮೇತ ಸಸಿಯನ್ನು ಜಾಲರಿ ಕುಂಡದಲ್ಲಿ ಇಟ್ಟು, ಸುತ್ತ ಸುಟ್ಟ ಮಣ್ಣಿನ ಗುಂಡುಗಳನ್ನು ತುಂಬಿ. ಸಂಜೆ ಹೊತ್ತು ನೆಡಿ. ಮೊದಲ ದಿನಗಳಲ್ಲಿ ನೀರು ಕುಂಡದ ತಳವನ್ನು ಮುಟ್ಟುವಷ್ಟಿರಲಿ. ಕಾಂಡ ಮುಳುಗಬಾರದು. ಗೊಬ್ಬರ ಅರ್ಧ ಪ್ರಮಾಣ ಸಾಕು, ಪಿಎಚ್ 5.5ರಿಂದ 6.5ರ ನಡುವೆ ಇರಲಿ. ಗಡಸು ಬೋರ್‌ವೆಲ್ ನೀರಾದರೆ ಪಿಎಚ್ ಮೇಲೇರುತ್ತಲೇ ಇರುತ್ತದೆ. ಆಗ ಕಬ್ಬಿಣ ಬೇರಿಗೆ ಸಿಗದೆ ಹೊಸ ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು, ನಡುವೆ ಹಳದಿಯಾಗುತ್ತದೆ. ಬಕೆಟ್ ಒಳಗೆ ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಮುಚ್ಚಿ.

ಏರ್ ಪಂಪ್ ಮೀನಿನ ತೊಟ್ಟಿಗೆ ಹಾಕುವುದೇ ಸಾಕು. ಅದರ ಗುಳ್ಳೆಗಳು ನೀರನ್ನು ಕಲಕಿ, ಗಾಳಿ ಮುಟ್ಟಿದ ನೀರನ್ನು ಕೆಳಕ್ಕೆ, ಕೆಳಗಿನದನ್ನು ಮೇಲಕ್ಕೆ ತರುತ್ತಲೇ ಇರುತ್ತವೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಬಕೆಟ್ ಬಿಸಿಯಾದರೆ ಕಷ್ಟ ಎರಡು ಪಟ್ಟು. 30 ಡಿಗ್ರಿಯಲ್ಲಿ ನೀರು ಹಿಡಿದಿಡುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ, ಬೇರಿನ ಉಸಿರಾಟವೋ ಹೆಚ್ಚಾಗುತ್ತದೆ. ಬೇರು ಕೊಳೆಸುವ ಪಿಥಿಯಂ ಅನ್ನುವ ಸೂಕ್ಷ್ಮಜೀವಿಗೆ ಇಂಥ ಬಿಸಿ ನೀರೇ ಇಷ್ಟ. ಬಕೆಟ್ಟನ್ನು ನೆರಳಿನಲ್ಲಿಡಿ, ಹೊರಗೆ ಒದ್ದೆ ಗೋಣಿ ಸುತ್ತಿ.

ಬೇರು ಕೆಳಗಿಳಿದ ಮೇಲೆ ನೀರಿನ ಮಟ್ಟವನ್ನು ಮೂರ್ನಾಲ್ಕು ಸೆಂಟಿಮೀಟರ್ ಇಳಿಸಿ, ಮತ್ತೆ ಮೊದಲಿನ ಮಟ್ಟಕ್ಕೆ ತುಂಬಬೇಡಿ. ಮೇಲಿನ ಬೇರು ತೇವದ ಗಾಳಿಯಲ್ಲಿ ಉಸಿರಾಡುತ್ತದೆ, ಕೆಳಗಿನದು ನೀರು ಕುಡಿಯುತ್ತದೆ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಇದೇ ಉಪಾಯದಿಂದ ಪಂಪ್ ಇಲ್ಲದೆಯೇ ಲೆಟ್ಯೂಸ್ ಸೊಪ್ಪು ಬೆಳೆಸುವ ವಿಧಾನ ರೂಪಿಸಿದರು. ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಪಂಪ್ ನಿಂತಾಗ ಗಿಡವನ್ನು ಕಾಯುವುದು ಆ ಮೂರ್ನಾಲ್ಕು ಸೆಂಟಿಮೀಟರ್ ಗಾಳಿಯೇ.