ಸಂಕಲನದ ಮೇಜಿಗೆ ಏನು ಬರಬೇಕು: ಮೊದಲ ಕಿರುಚಿತ್ರ ಮಾಡುವ ವಿದ್ಯಾರ್ಥಿ ತಂಡಕ್ಕೆ

ಕಿರುಚಿತ್ರ ಮಾಡಿದ ವಿದ್ಯಾರ್ಥಿಗಳು ಸಂಕಲನಕಾರನನ್ನು ಹುಡುಕಿಕೊಂಡು ಬರುವುದು ಸಾಮಾನ್ಯವಾಗಿ ಚಿತ್ರೀಕರಣವೆಲ್ಲ ಮುಗಿದ ಮೇಲೆ. ಹಾರ್ಡ್ ಡಿಸ್ಕನ್ನು ಮೇಜಿನ ಮೇಲಿಟ್ಟು, ‘ಸರ್, ಕ್ಯಾಮೆರಾ ಅಷ್ಟೇನೂ ಚೆನ್ನಾಗಿರಲಿಲ್ಲ’ ಎಂದೇ ಮಾತು ಶುರು ಮಾಡುತ್ತಾರೆ. ಫೈಲುಗಳನ್ನು ತೆರೆದು ನೋಡಿದರೆ ಕ್ಯಾಮೆರಾದ ದೋಷ ಹೆಚ್ಚೇನೂ ಕಾಣುವುದಿಲ್ಲ. ಮಾತನಾಡುವವರ ಮುಖ ನಾಲ್ಕು ಕೋನಗಳಲ್ಲಿರುತ್ತದೆ, ಕೇಳಿಸಿಕೊಳ್ಳುವವರ ಮುಖ ಒಂದರಲ್ಲೂ ಇರುವುದಿಲ್ಲ. ಸಂಭಾಷಣೆಯ ಹಿಂದೆ ಫ್ಯಾನು ತಿರುಗುತ್ತಿರುತ್ತದೆ. ಒಂದೇ ಶಾಟನ್ನು ಮತ್ತೆ ಮತ್ತೆ ತೆಗೆದ ಟೇಕುಗಳಲ್ಲಿ ಯಾವುದು ಓಕೆ, ಯಾವುದು ಅಲ್ಲ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ತಂಡದ ಪ್ರತಿಯೊಬ್ಬರೂ ದುಡಿದಿದ್ದಾರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ತನ್ನ ಕೆಲಸ ಮುಂದೆ ಯಾರ ಕೈಗೆ ಹೋಗುತ್ತದೆ, ಅವರಿಗೆ ಏನು ಬೇಕು ಎಂಬುದನ್ನು ಯಾರೂ ಕೇಳಿಕೊಂಡಿರುವುದಿಲ್ಲ. ಕಿರುಚಿತ್ರದ ಮೂಲಪಾಠಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯಿಂದಲೇ ಹುಟ್ಟುವುದರಿಂದ, ಅವನ್ನು ಸಂಕಲನದ ಮೇಜಿನ ಕಡೆಯಿಂದ ನೋಡುತ್ತಾ ವಿವರಿಸುವುದು ನನಗೆ ಸುಲಭವೆನಿಸುತ್ತದೆ.

ವಿದ್ಯಾರ್ಥಿ ತಂಡಗಳಲ್ಲಿ ಎಲ್ಲರೂ ನಿರ್ದೇಶಕರಾಗುವುದು ಹಳೆಯ ಕಾಯಿಲೆ. ಟೇಕ್ ಮುಗಿದ ಕೂಡಲೇ ಆರು ಮಂದಿ ನಟಿಯ ಬಳಿ ಹೋಗಿ ಆರು ಬಗೆಯ ಸಲಹೆ ಕೊಡುತ್ತಾರೆ; ಹತ್ತು ನಿಮಿಷ ಕಳೆದರೂ ಮುಂದಿನ ಟೇಕಿಗೆ ಯಾರೂ ಸಿದ್ಧರಿರುವುದಿಲ್ಲ. ಇದಕ್ಕೆ ಪರಿಹಾರ ಹುದ್ದೆಗಳ ಹಂಚಿಕೆ. 2024ರ ಕಾನ್ ಚಿತ್ರೋತ್ಸವದಲ್ಲಿ, ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನವನ್ನು, ಮೈಸೂರಿನಲ್ಲಿ ವೈದ್ಯಕೀಯ ಓದಿ ಬಳಿಕ ಸಿನಿಮಾ ಕಲಿಯಲು ಹೋದ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ ಪಡೆಯಿತು. ಮುದುಕಿಯೊಬ್ಬಳು ಹುಂಜವನ್ನು ಕದ್ದೊಯ್ದು ಊರಿಗೆ ಬೆಳಕೇ ಹರಿಯದಂತಾಗುವ ಜನಪದ ಕಥೆಯ ಈ ಚಿತ್ರ, ಪುಣೆಯ ಚಲನಚಿತ್ರ ಮತ್ತು ಟಿವಿ ಶಿಕ್ಷಣ ಸಂಸ್ಥೆ ಎಫ್‌ಟಿಐಐನ ಟಿವಿ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯಲ್ಲಿ ಮಾಡಲೇಬೇಕಾದ ಅಭ್ಯಾಸವಾಗಿತ್ತು. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮತ್ತು ಧ್ವನಿ ಎಂಬ ನಾಲ್ಕು ವಿಭಾಗಗಳಿಂದ ಒಬ್ಬೊಬ್ಬರು ಸೇರಿ ಒಂದು ಚಿತ್ರ ಮಾಡುವುದು ಆ ಅಭ್ಯಾಸದ ಕ್ರಮ. ಬಹುಮಾನದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ; ನಾಲ್ವರು, ನಾಲ್ಕು ಕೆಲಸ ಎಂಬ ಈ ಏರ್ಪಾಟನ್ನು ಗಮನಿಸಿದವರು ಕಡಿಮೆ. ಕಾಲೇಜಿನ ತಂಡ ಇದಕ್ಕೆ ಇನ್ನಿಬ್ಬರನ್ನು ಸೇರಿಸಿಕೊಂಡರೆ ಸಾಕು: ಸಮಯ ಕಾಯುವ ಸಹಾಯಕ ನಿರ್ದೇಶಕ, ಮತ್ತು ಕಲೆಯ ಜೊತೆಗೆ ಕಂಟಿನ್ಯೂಟಿಯನ್ನೂ, ಅಂದರೆ ಬಟ್ಟೆ, ಕೂದಲು, ವಸ್ತುಗಳು ಶಾಟಿನಿಂದ ಶಾಟಿಗೆ ಬದಲಾಗದಿರುವುದನ್ನೂ, ನೋಡಿಕೊಳ್ಳುವ ಒಬ್ಬರು. ಸಹಾಯಕ ನಿರ್ದೇಶಕನೆಂದರೆ ಟೀ ತರುವ ಹುಡುಗನಲ್ಲ, ಲೊಕೇಶನ್ನಿನಲ್ಲಿ ಗಡಿಯಾರದ ಮೇಲೆ ಅಧಿಕಾರವಿರುವ ಒಬ್ಬನೇ ವ್ಯಕ್ತಿ ಎಂಬುದನ್ನು ಮೊದಲ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು.

ಚಿತ್ರಕಥೆಯಿಂದ ಆರಂಭಿಸೋಣ. ವಿದ್ಯಾರ್ಥಿಗಳ ಬರವಣಿಗೆಯಲ್ಲಿ ನನಗೆ ಪದೇ ಪದೇ ಸಿಗುವ ಬಗೆಯ ವಾಕ್ಯ ಇದು: ‘ಅಮ್ಮ ಸಾಲದ ಸುಳಿಯಲ್ಲಿ ಸಿಲುಕಿದ್ದಾಳೆ, ಹಾಸ್ಟೆಲಿನಿಂದ ಬಂದ ಮಗಳಿಗೆ ಅದು ಅರಿವಾಗುತ್ತದೆ.’ ಇದನ್ನು ಯಾವ ಕ್ಯಾಮೆರಾವೂ ಚಿತ್ರಿಸಲಾರದು. ಇದೇ ಸಂಗತಿಯನ್ನು ಹೀಗೆ ಬರೆದು ನೋಡಿ: ಅಡುಗೆಮನೆ, ಸಂಜೆ. ಅಮ್ಮ ಒಲೆಯ ಮುಂದಿದ್ದಾಳೆ. ಮಗಳು ಬಾಗಿಲ ಬಳಿ ಚೀಲ ಇಳಿಸುತ್ತಾಳೆ. ‘ಫೀಸು ಕಟ್ಟಿದ್ಯೇನೇ?’ ಎನ್ನುತ್ತಾ ಅಮ್ಮ ತಿರುಗುತ್ತಾಳೆ. ಕಿವಿಯಲ್ಲಿ ಓಲೆಯಿಲ್ಲ, ತೂತು ಮುಚ್ಚಿಹೋಗದಂತೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಾಳೆ. ಮಗಳು ಅದನ್ನೇ ನೋಡುತ್ತಾಳೆ. ‘ಹೂಂ, ಕಟ್ಟಾಯ್ತಮ್ಮ.’ ಸಾಲ ಎಂಬ ಪದವೇ ಇಲ್ಲದೆ ಸಾಲದ ಕಥೆ ಮುಗಿಯಿತು. ನಮ್ಮ ಹಳ್ಳಿಗಳನ್ನು ಬಲ್ಲ ಪ್ರೇಕ್ಷಕರಿಗೆ ಆ ಕಡ್ಡಿಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಮಗಳ ಮುಖ ಹೇಳುತ್ತದೆ. ಕಾಣುವುದನ್ನು ಮತ್ತು ಕೇಳುವುದನ್ನು ಮಾತ್ರ ಬರೆಯಬೇಕೆಂಬ ನಿಯಮ ಪಾಲಿಸಿದರೆ, ಸರಿಯಾದ ಮಾದರಿಯಲ್ಲಿ ಬರೆದ ಒಂದು ಪುಟ ತೆರೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷವಾಗುತ್ತದೆ ಎಂಬ ಲೆಕ್ಕವೂ ಕೂಡಿ ಬರುತ್ತದೆ. ಆಸ್ಕರ್ ನಿಯಮದ ಪ್ರಕಾರ ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷದವರೆಗಿನ ಚಿತ್ರವೂ ಕಿರುಚಿತ್ರವೇ. ಮೊದಲ ಚಿತ್ರಕ್ಕೆ ಮಾತ್ರ ಎಂಟು ಪುಟಕ್ಕಿಂತ ಹೆಚ್ಚು ಬರೆಯಬೇಡಿ ಎಂದು ನಾನು ಹಟ ಹಿಡಿಯುತ್ತೇನೆ.

ಈಗ ಇದೇ ದೃಶ್ಯದ ಶಾಟ್ ಡಿವಿಷನ್ ಮಾಡೋಣ, ಅಂದರೆ ಅದನ್ನು ಶಾಟುಗಳಾಗಿ ಒಡೆಯೋಣ. ತಾಯಿ ಮತ್ತು ಮಗಳ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು ಎಂಬುದನ್ನು ಎಲ್ಲ ಪಠ್ಯಗಳೂ ಹೇಳುತ್ತವೆ. ಯಾವ ಬದಿ ಎಂಬುದನ್ನು ಕಥೆ ಹೇಳಬೇಕು. ಅಮ್ಮ ಚೌಕಟ್ಟಿನ ಎಡಕ್ಕಿದ್ದು ಬಲಕ್ಕೆ ನೋಡಿದರೆ ಕ್ಯಾಮೆರಾಕ್ಕೆ ಕಾಣುವುದು ಅವಳ ಬಲಗಿವಿ; ಗೆರೆಯ ಆಚೆ ಬದಿಗೆ ಹೋದರೆ ಎಡಗಿವಿ. ಕಿಟಕಿ ಯಾವ ಕಡೆಗಿದೆ, ಸಂಜೆಯ ಬೆಳಕು ಯಾವ ಕಿವಿಯ ಮೇಲೆ ಬೀಳುತ್ತದೆ ಎಂಬುದನ್ನು ಲೊಕೇಶನ್ ನೋಡಲು ಹೋದ ದಿನವೇ, ಚಿತ್ರೀಕರಣ ನಡೆಯುವ ಹೊತ್ತಿನಲ್ಲೇ ನಿಂತು ನೋಡಿಕೊಂಡು ಬಂದ ತಂಡಕ್ಕೆ ಈ ಆಯ್ಕೆ ಕ್ಷಣದ ಮಾತು. ಹಾಗೆ ನೋಡದ ತಂಡ ಅಂದು ಸಂಜೆ ಒಲೆಯನ್ನೇ ಎತ್ತಿ ಇನ್ನೊಂದು ಮೂಲೆಗೆ ಇಡಬೇಕಾದೀತು. ಕಲಾ ವಿಭಾಗದವರು ಕಡ್ಡಿಯನ್ನು ಎರಡೂ ಕಿವಿಗೆ ಸಿಕ್ಕಿಸಿರಬೇಕು, ಕೂದಲು ಕಿವಿಯ ಮೇಲೆ ಬೀಳದಂತೆ ಎತ್ತಿ ತುರುಬು ಕಟ್ಟಿರಬೇಕು. ಕಂಟಿನ್ಯೂಟಿಯವರು ಪ್ರತಿ ಶಾಟಿನ ಕೊನೆಯಲ್ಲಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಂಡಿರಬೇಕು.

ಮೊದಲು ಇಬ್ಬರೂ ಕಾಣುವ ಮಾಸ್ಟರ್, ದೃಶ್ಯದ ಆರಂಭದಿಂದ ಅಂತ್ಯದವರೆಗೆ. ಅನಂತರ ಮಗಳ ಭುಜದ ಮೇಲಿನಿಂದ ಅಮ್ಮನನ್ನು ತೋರಿಸುವ ಶಾಟ್ (ಸಜೆಷನ್), ಅಮ್ಮನ ಮುಖವಷ್ಟೇ ತುಂಬುವ ಕ್ಲೋಸ್, ಕಿವಿಯ ಕ್ಲೋಸ್. ಅಮ್ಮನ ಕಡೆಗೆ ಕ್ಯಾಮೆರಾ ನೋಡುವ ಎಲ್ಲವೂ ಮುಗಿದ ಮೇಲಷ್ಟೇ ಲೈಟುಗಳನ್ನು ಬದಲಿಸಿ ಮಗಳ ಕಡೆಗೆ ತಿರುಗಬೇಕು. ಕಿಟಕಿಯ ಬೆಳಕು ಓಡುತ್ತಿರುತ್ತದೆ. ಅದು ಹಿನ್ನೆಲೆಯಲ್ಲಿ ಕಾಣುವ ಅಗಲದ ಶಾಟುಗಳನ್ನು ಮೊದಲು ಮುಗಿಸಿದರೆ, ಮಗಳ ಕ್ಲೋಸಿಗೆ ಬೆಳಕು ಕಡಿಮೆಯಾದರೂ ಒಂದು ಲೈಟು ಮತ್ತು ಥರ್ಮೋಕೋಲ್ ಹಾಳೆಯಿಂದ ಹೇಗೋ ಸರಿದೂಗಿಸಬಹುದು.

ಈ ದೃಶ್ಯ ನಿಲ್ಲುವುದು ಅಥವಾ ಬೀಳುವುದು ಮಗಳ ಒಂದು ನೋಟದ ಮೇಲೆ. ಅವಳ ದೃಷ್ಟಿ ಅಮ್ಮನ ಕಣ್ಣಿನಿಂದ ಒಂದಿಷ್ಟು ಪಕ್ಕಕ್ಕೆ, ಕಿವಿಗೆ ಹೋಗಬೇಕು, ಅಲ್ಲಿ ನಿಲ್ಲಬೇಕು, ಮತ್ತೆ ಕಣ್ಣಿಗೆ ಬಂದ ಮೇಲೆ ಅವಳು ಸುಳ್ಳೋ ನಿಜವೋ ಆ ಉತ್ತರ ಕೊಡಬೇಕು. ಆ ಕ್ಲೋಸ್ ತೆಗೆಯುವಾಗ ಅಮ್ಮನ ಪಾತ್ರಧಾರಿ ಕ್ಯಾಮೆರಾದ ಪಕ್ಕದಲ್ಲಿ, ಸರಿಯಾದ ಬದಿಯಲ್ಲಿ ನಿಂತು ತನ್ನ ಮಾತನ್ನು ಹೇಳುತ್ತಿರಬೇಕು. ಆಕೆಯನ್ನು ಟೀ ಕುಡಿಯಲು ಕಳುಹಿಸಿ, ಗೋಡೆಯ ಮೇಲೆ ಟೇಪು ಅಂಟಿಸಿ ‘ಇಲ್ಲಿ ನೋಡಮ್ಮ’ ಎಂದರೆ ಹೊಸ ನಟಿಯ ಕಣ್ಣಿನಲ್ಲಿ ಟೇಪೇ ಕಾಣುತ್ತದೆ. ನಿರ್ದೇಶಕರಿಗೆ ನನ್ನದೊಂದು ಕೋರಿಕೆ ಇದೆ: ಮಾತು ಮುಗಿದ ತಕ್ಷಣ ಕಟ್ ಹೇಳಬೇಡಿ. ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ನಟನೆಯ ಒಳ್ಳೆಯ ಕ್ಷಣಗಳು ಎಷ್ಟೋ ಸಲ ಆ ಐದು ಸೆಕೆಂಡುಗಳಲ್ಲಿ ಸಿಕ್ಕಿವೆ.

ಕ್ಯಾಮೆರಾದ ತಾಂತ್ರಿಕ ಸಂಗತಿಗಳನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ವಿದ್ಯಾರ್ಥಿಗಳಿಗೆ ಇವು ನನಗಿಂತ ಚೆನ್ನಾಗಿ ಗೊತ್ತಿರುತ್ತವೆ. ಸೆಕೆಂಡಿಗೆ 24 ಅಥವಾ 25 ಫ್ರೇಮ್, ಯಾವುದಾದರೂ ಒಂದು, ಇಡೀ ಚಿತ್ರಕ್ಕೆ. ನಮ್ಮ ವಿದ್ಯುತ್ 50 ಹರ್ಟ್ಸಿನದಾದ್ದರಿಂದ ಷಟರ್ ಸೆಕೆಂಡಿನ 1/50ರಲ್ಲಿದ್ದರೆ ಟ್ಯೂಬ್‌ಲೈಟಿನ ಮಿಣುಕು ಸಾಮಾನ್ಯವಾಗಿ ಕಾಣುವುದಿಲ್ಲ. ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಮಾತ್ರ ಪರೀಕ್ಷಿಸದೆ ನಂಬಬೇಡಿ. ಬೆಳಕಿನ ಬಣ್ಣಕ್ಕೆ ಕ್ಯಾಮೆರಾವನ್ನು ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಒಂದೇ ಗೋಡೆ ಒಂದು ಶಾಟಿನಲ್ಲಿ ಹಳದಿ, ಮುಂದಿನದರಲ್ಲಿ ನೀಲಿ. ಮೊಬೈಲಿನಲ್ಲಿ ಚಿತ್ರಿಸುವವರು ಇನ್ನೊಂದು ವಿಷಯ ಗಮನಿಸಬೇಕು: ಹಲವು ಫೋನುಗಳ ಮೂಲ ಕ್ಯಾಮೆರಾ ಆ್ಯಪ್ ಫ್ರೇಮಿನ ವೇಗವನ್ನು ತಾನೇ ಏರಿಳಿಸುತ್ತಿರುತ್ತದೆ. ಬೇರೆ ರೆಕಾರ್ಡರಿನ ಧ್ವನಿಯನ್ನು ಅದಕ್ಕೆ ಜೋಡಿಸಿದಾಗ, ಉದ್ದನೆಯ ಟೇಕಿನಲ್ಲಿ ತುಟಿಯೂ ಮಾತೂ ನಿಧಾನವಾಗಿ ಬೇರೆಯಾಗುತ್ತವೆ. ವೇಗವನ್ನು ಸ್ಥಿರವಾಗಿಡುವ ಆ್ಯಪ್ ಬಳಸಿದರೆ ಈ ತಲೆನೋವು ಇರುವುದಿಲ್ಲ.

ಧ್ವನಿಯ ವಿಷಯದಲ್ಲಿ ಮಾತ್ರ ನಾನು ನಿಧಾನವಾಗಿಯೇ ಮಾತನಾಡುತ್ತೇನೆ. ತುಸು ಮಸುಕಾದ ಚಿತ್ರವನ್ನು ಪ್ರೇಕ್ಷಕರು ಕ್ಷಮಿಸುತ್ತಾರೆ, ಮಾತು ಕೇಳಿಸದ ಚಿತ್ರದಿಂದ ಎದ್ದು ಹೋಗುತ್ತಾರೆ. ‘ಡಬ್ಬಿಂಗಿನಲ್ಲಿ ನೋಡಿಕೊಳ್ಳೋಣ’ ಎಂಬ ಮಾತು ನಮ್ಮ ಚಿತ್ರರಂಗದಿಂದಲೇ ಕಾಲೇಜುಗಳಿಗೆ ಬಂದಿದೆ. ಅಲ್ಲಿ ಡಬ್ಬಿಂಗಿಗೆ ಸ್ಟುಡಿಯೋ ಇದೆ, ಪಳಗಿದ ಕಲಾವಿದರಿದ್ದಾರೆ, ಹಣವಿದೆ. ಮೊದಲ ಸಲ ನಟಿಸಿದ ನಿಮ್ಮ ಸಹಪಾಠಿ ಎರಡು ತಿಂಗಳ ನಂತರ ಹಾಸ್ಟೆಲ್ ಕೋಣೆಯಲ್ಲಿ ಕಂಬಳಿ ಹೊದ್ದು ಕುಳಿತು ‘ಹೂಂ, ಕಟ್ಟಾಯ್ತಮ್ಮ’ ಎಂಬುದನ್ನು ಅದೇ ಉಸಿರಿನಲ್ಲಿ ಹೇಳಲಾರಳು. ಆದ್ದರಿಂದ ಲೊಕೇಶನ್ನಿನ ಧ್ವನಿಯನ್ನೇ ಚಿತ್ರಕ್ಕೆ ಬಳಸುವಷ್ಟು ಶುದ್ಧವಾಗಿ ಹಿಡಿಯಬೇಕು. ಉದ್ದ ಕೋಲಿಗೆ ಕಟ್ಟಿದ ಬೂಮ್ ಮೈಕು ಚೌಕಟ್ಟಿನ ಅಂಚಿನ ಹೊರಗೆ, ಮೇಲಿನಿಂದ, ಬಾಯಿಗೆ ಸಾಧ್ಯವಾದಷ್ಟು ಹತ್ತಿರ; ರೆಕಾರ್ಡರ್ 48 ಕಿಲೋಹರ್ಟ್ಸ್, 24 ಬಿಟ್; ಮಾತಿನ ಎತ್ತರದ ಭಾಗಗಳು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ಲಿನ ಆಸುಪಾಸಿನಲ್ಲಿ. ಫ್ಯಾನು ಬಂದ್, ಫ್ರಿಜ್ಜೂ ಬಂದ್. ಫ್ರಿಜ್ ಆರಿಸಿದವರು ತಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಬೇಕೆಂಬುದು ಧ್ವನಿಗ್ರಾಹಕರ ಹಳೆಯ ಉಪಾಯ. ಮತ್ತೆ ಆನ್ ಮಾಡದೆ ಯಾರೂ ಮನೆಗೆ ಹೋಗುವಂತಿಲ್ಲ, ಲೊಕೇಶನ್ ಕೊಟ್ಟವರ ಹಾಲೂ ಕೆಡುವುದಿಲ್ಲ.

ಕುಕ್ಕರ್ ಸೀಟಿ, ಪಾತ್ರೆಯ ಸದ್ದು, ಬಾಗಿಲ ಬಳಿ ಚೀಲ ಇಡುವ ಸದ್ದು ಇವೆಲ್ಲ ಕಥೆಗೆ ಬೇಕಾದವೇ, ಆದರೆ ಮಾತಿನ ಮೇಲೆ ಬೀಳಬಾರದು. ಇವನ್ನು ಕ್ಯಾಮೆರಾ ಇಲ್ಲದೆ ಪ್ರತ್ಯೇಕವಾಗಿ ಮುದ್ರಿಸಿಕೊಂಡರೆ, ಸೀಟಿ ಅಮ್ಮನ ಪ್ರಶ್ನೆಗೆ ಮೊದಲು ಬರಬೇಕೋ, ಮಗಳ ಮೌನದಲ್ಲಿ ಬರಬೇಕೋ ಎಂಬುದನ್ನು ಸಂಕಲನದಲ್ಲಿ ತೀರ್ಮಾನಿಸಬಹುದು. ಕೊನೆಗೆ, ಆ ಅಡುಗೆಮನೆ ಬಿಡುವ ಮುನ್ನ, ಎಲ್ಲರೂ ಇದ್ದಲ್ಲೇ ಉಸಿರು ಬಿಗಿಹಿಡಿದು ನಿಂತು ಒಂದು ನಿಮಿಷದ ರೂಮ್ ಟೋನ್, ಅಂದರೆ ಆ ಕೋಣೆಯ ನಿಶ್ಶಬ್ದವನ್ನು, ಮುದ್ರಿಸಬೇಕು. ಎರಡು ಮಾತುಗಳ ನಡುವೆ ನಾನು ಒಂದು ಗದ್ದಲವನ್ನು ಕತ್ತರಿಸಿ ತೆಗೆದಾಗ ಅಲ್ಲಿ ಉಳಿಯುವ ತೂತನ್ನು ಮುಚ್ಚುವುದು ಅದೇ ಕೋಣೆಯ ಅದೇ ನಿಶ್ಶಬ್ದ. ಬೇರೆ ಕೋಣೆಯದನ್ನು ತಂದು ಹಾಕಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಊಟದ ಹೊತ್ತಿಗೆ ಇದನ್ನು ಕೇಳುವ ಧ್ವನಿಗ್ರಾಹಕನ ಮೇಲೆ ಇಡೀ ತಂಡ ರೇಗುತ್ತದೆ ಎಂಬುದು ನಿಜ. ಆ ಹೊತ್ತಿನಲ್ಲಿ ಸಹಾಯಕ ನಿರ್ದೇಶಕ ಅವನ ಪರ ನಿಲ್ಲಬೇಕು.

ಪ್ರತಿ ಟೇಕಿನ ಆರಂಭದ ಕ್ರಮವೂ ಇದಕ್ಕೇ ಸೇರಿದ್ದು. ಮೊದಲು ಸೌಂಡ್, ಆಮೇಲೆ ಕ್ಯಾಮೆರಾ, ಆಮೇಲೆ ಕ್ಲಾಪ್, ಎಲ್ಲ ಸ್ತಬ್ಧವಾದ ಮೇಲೆ ನಿರ್ದೇಶಕರ ಆಕ್ಷನ್. ಕ್ಲಾಪ್ ಬೋರ್ಡಿನ ಸಂಖ್ಯೆಯನ್ನು ಗಟ್ಟಿಯಾಗಿ ಓದಬೇಕು, ಬೋರ್ಡು ಫೋಕಸ್ಸಿನಲ್ಲಿರಬೇಕು. ಚಟ್ಟೆಂಬ ಸದ್ದು ಮತ್ತು ಪಟ್ಟಿ ಮುಚ್ಚಿದ ಫ್ರೇಮನ್ನು ಸೇರಿಸಿದರೆ ಚಿತ್ರವೂ ಧ್ವನಿಯೂ ಕೂಡಿಕೊಳ್ಳುತ್ತವೆ. ಪಕ್ಕದಲ್ಲೇ ಒಬ್ಬರು ಲಾಗ್ ಶೀಟ್ ಬರೆಯುತ್ತಿರಬೇಕು: ‘ಸೀನ್ 4, ಶಾಟ್ 3, ಟೇಕ್ 2, ನೋಟ ಚೆನ್ನಾಗಿದೆ, ಮಾತಿನ ಮೇಲೆ ಸ್ಕೂಟರ್.’ ಈ ಒಂದು ಸಾಲು ನನಗೆ ಅರ್ಧ ಗಂಟೆ ಉಳಿಸುತ್ತದೆ. ಟೇಕ್ 2ರ ಮುಖಕ್ಕೆ ಟೇಕ್ 3ರ ಮಾತನ್ನು ಜೋಡಿಸಿ ನೋಡಬೇಕೆಂದು ಶೀಟೇ ಸೂಚಿಸಿಬಿಡುತ್ತದೆ. ಸಂಜೆ ಪ್ಯಾಕಪ್ ಆದ ಮೇಲೆ ಕಾರ್ಡಿನಲ್ಲಿರುವುದನ್ನು ಎರಡು ಬೇರೆ ಬೇರೆ ಡ್ರೈವಿಗೆ ನಕಲಿಸಿ, ತೆರೆದು ನೋಡಿ, ಆ ಡ್ರೈವುಗಳನ್ನು ಇಬ್ಬರು ಬೇರೆ ಬೇರೆ ಮನೆಗೆ ಒಯ್ಯಬೇಕು. ಅಲ್ಲಿಯವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡುವಂತಿಲ್ಲ.

ಸಂಕಲನದಲ್ಲಿ ಮೊದಲು ಮಾಡಬೇಕಾದದ್ದು ಚಿತ್ರಕಥೆಯ ಕ್ರಮದಲ್ಲೇ ಎಲ್ಲವನ್ನೂ ಜೋಡಿಸುವ ಒರಟು ಜೋಡಣೆ, ಸಂಗೀತವಿಲ್ಲದೆ. ಸಂಗೀತ ಹಾಕಿದ ಕೂಡಲೇ ದುರ್ಬಲ ದೃಶ್ಯವೂ ಸರಿಯಾಗಿರುವಂತೆ ತೋರುತ್ತದೆ. ಸಿನಿಮಾ ಹಾಡನ್ನಂತೂ ತಾತ್ಕಾಲಿಕವಾಗಿಯೂ ಬಳಸಬೇಡಿ. ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಹಕ್ಕು ನಿಮ್ಮದಲ್ಲವಾದ್ದರಿಂದ ಚಿತ್ರೋತ್ಸವಗಳ ಬಾಗಿಲು ಮುಚ್ಚುತ್ತದೆ. ಒರಟು ಜೋಡಣೆ ಸಿದ್ಧವಾದ ಮೇಲೆ ಚಿತ್ರಕಥೆ ಓದಿರದ, ತಂಡದವರ ಸ್ನೇಹಿತರೂ ಅಲ್ಲದ ಇಬ್ಬರು ಮೂವರಿಗೆ ತೋರಿಸಬೇಕು. ‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ‘ಈ ಮನೆಯಲ್ಲಿ ಏನಾಗಿದೆ, ಹೇಳಿ’ ಎಂದು ಕೇಳಬೇಕು. ಅವರು ಕಡ್ಡಿಯ ಮಾತೆತ್ತದೆ ‘ಮಗಳಿಗೆ ಅಮ್ಮನ ಮೇಲೆ ಕೋಪ’ ಎಂದರೆ, ಕಿವಿಯ ಕ್ಲೋಸ್ ತೆರೆಯ ಮೇಲೆ ಸಾಕಷ್ಟು ಹೊತ್ತು ನಿಂತಿಲ್ಲ, ಅಥವಾ ಅದಕ್ಕೆ ಮುನ್ನ ಬರುವ ಮಗಳ ನೋಟ ಬೇರೆಲ್ಲೋ ಹೋಗಿದೆ ಎಂದರ್ಥ. ಮೊದಲನೆಯದಾದರೆ ಹನ್ನೆರಡು ಫ್ರೇಮು ಹೆಚ್ಚಿಸಿ ಮತ್ತೆ ಬೇರೆಯವರಿಗೆ ತೋರಿಸಬಹುದು. ಎರಡನೆಯದಾದರೆ ಲಾಗ್ ಶೀಟ್ ತೆಗೆದು ಇನ್ನೊಂದು ಟೇಕ್ ಹುಡುಕಬೇಕು. ಸಿಗದಿದ್ದರೆ ಆ ಮಗಳ ಪಾತ್ರಧಾರಿಯನ್ನು ಕರೆದು, ಅದೇ ಗೋಡೆಯ ಮುಂದೆ, ಆ ಒಂದು ಶಾಟನ್ನು ಪುನಃ ತೆಗೆಯಲು ಸಮಯವಿರುವಾಗಲೇ ಇದನ್ನು ತಿಳಿದುಕೊಳ್ಳಬೇಕು. ಇದಾದ ಮೇಲಷ್ಟೇ ಚಿತ್ರವನ್ನು ಲಾಕ್ ಮಾಡಿ, ಅಂದರೆ ಇನ್ನು ಶಾಟುಗಳನ್ನು ಬದಲಿಸುವುದಿಲ್ಲವೆಂದು ತೀರ್ಮಾನಿಸಿ, ಧ್ವನಿ ಮತ್ತು ಬಣ್ಣದ ಕೆಲಸ ಮಾಡುವವರಿಗೆ ಒಪ್ಪಿಸಬೇಕು.