ಮೊಳೆ ಹೊಡೆಯುವ ಮರದ ನೆಲದ ಕೆಳಗೆ ಏನು ಹಾಸಬೇಕು?

ಅಮೆರಿಕದಲ್ಲಿ ಮನೆ ಕೊಂಡ ನಮ್ಮ ಕನ್ನಡದವರು ಆಗಾಗ ಕೇಳುವ ಪ್ರಶ್ನೆ ಇದು: "ಓಕ್ ಹಲಗೆ ಹಾಕಿಸ್ತಿದ್ದೀವಿ. ಕೆಳಗೆ ದಪ್ಪ ಫೋಮ್ ಹಾಸಿದ್ರೆ ಸದ್ದು ಕಮ್ಮಿ ಆಗುತ್ತೆ ಅಲ್ವಾ?" ಇಲ್ಲ, ಜಾಸ್ತಿಯೇ ಆಗುತ್ತದೆ.

ಫೋಮ್ ಇರುವುದು ಲ್ಯಾಮಿನೇಟ್‌ಗೆ, ಅಂದರೆ ಮರದ ಚಿತ್ರ ಅಂಟಿಸಿದ ತೆಳು ಹಲಗೆಗೆ. ಅದಕ್ಕೆ ಮೊಳೆ ಇಲ್ಲ, ಒಂದಕ್ಕೊಂದು ಸಿಕ್ಕಿಸಿ ಹಾಸುತ್ತಾರೆ. ಮುಕ್ಕಾಲು ಇಂಚಿನ ಗಟ್ಟಿ ಓಕ್ ಹಾಗಲ್ಲ. ಹಲಗೆಯ ಅಂಚಿನ ನಾಲಿಗೆಯ (ಪಕ್ಕದ ಹಲಗೆಯೊಳಗೆ ಸೇರುವ ಚಾಚು) ಮೇಲೆ 8ರಿಂದ 10 ಇಂಚಿಗೊಂದು ಮೊಳೆಯನ್ನು ಓರೆಯಾಗಿ ಹೊಡೆದು ಕೆಳಗಿನ ಪ್ಲೈವುಡ್‌ಗೆ ಬಿಗಿಯುತ್ತೇವೆ. ಹಲಗೆ ಪ್ಲೈವುಡ್ ಮೇಲೆ ಕಚ್ಚಿ ಕೂತರೆ ಮಾತ್ರ ಮೊಳೆಗೆ ಹಿಡಿತ. ನಡುವೆ ಮೆತ್ತನೆಯದು ಇದ್ದರೆ ಪ್ರತಿ ಹೆಜ್ಜೆಗೂ ಹಲಗೆ ಒಂಚೂರು ಕುಸಿದು ಮೇಲೇಳುತ್ತದೆ. ಮೊಳೆಯ ತೂತು ಸಡಿಲವಾಗುತ್ತದೆ. ಆಮೇಲೆ ಹಲಗೆ ಮೊಳೆಗೆ ಉಜ್ಜಿ ಕಿರ್ರೆನ್ನತೊಡಗುತ್ತದೆ. ಇದನ್ನು ಸರಿ ಮಾಡಬೇಕಾದರೆ ನೆಲ ಕಿತ್ತೇ ಮಾಡಬೇಕು.

ನಾನು ಹಾಸುವುದು 15ನೇ ನಂಬರಿನ ಡಾಂಬರು ಕಾಗದ. ಕಪ್ಪಗೆ, ತೆಳ್ಳಗೆ ಸುರುಳಿಯಲ್ಲಿ ಬರುತ್ತದೆ. ಚಾವಣಿಯ ಶಿಂಗಲ್ಸ್ ಕೆಳಗೆ ಹಾಕುತ್ತಾರಲ್ಲ, ಅದೇ. ಮರಕ್ಕೆ ಮರ ಉಜ್ಜದಂತೆ ನೋಡಿಕೊಳ್ಳುತ್ತದೆ, ಕೆಳಗಿನಿಂದ ಬರುವ ತೇವವನ್ನು ನಿಧಾನ ಮಾಡುತ್ತದೆ. ನಿಧಾನ ಮಾಡಿದರೆ ಸಾಕು, ಪೂರ್ತಿ ತಡೆಯಬಾರದು. ಪ್ಲಾಸ್ಟಿಕ್ ಹಾಳೆ ಹಾಸಿದರೆ ತೇವ ಹೊರಗೆ ಹೋಗಲಾರದೆ ಪ್ಲೈವುಡ್‌ನಲ್ಲೇ ಉಳಿದು ಅದನ್ನು ಕೊಳೆಸುತ್ತದೆ. ಹಾಳೆ ಎಷ್ಟು ಆವಿ ಬಿಡುತ್ತದೆ ಎಂಬುದಕ್ಕೆ ಪರ್ಮ್ ಅಂತ ಅಳತೆ ಇದೆ. ಅಲ್ಲಿನ ನ್ಯಾಷನಲ್ ವುಡ್ ಫ್ಲೋರಿಂಗ್ ಅಸೋಸಿಯೇಷನ್ ಹೇಳುವ ಪ್ರಕಾರ ಪ್ಲೈವುಡ್ ಮೇಲೆ ಹಾಸುವ ಹಾಳೆಯ ಪರ್ಮ್ 0.7ಕ್ಕಿಂತ ಕಡಿಮೆ ಇರಬಾರದು, 50 ದಾಟಲೂಬಾರದು. ಕೊಳ್ಳುವಾಗ ಲೇಬಲ್ ಓದಿ.

ಕೆಂಪು ರೋಸಿನ್ ಕಾಗದ ಅಗ್ಗ. ಆದರೆ ಅದು ತೇವವನ್ನು ನಿಧಾನವೂ ಮಾಡುವುದಿಲ್ಲ. ಕೆಳಗೆ ಜನ ವಾಸಿಸುವ, ಒಣಗಿದ ಕೋಣೆ ಇರುವ ಮಹಡಿಗೆ ನಡೆಯುತ್ತದೆ. ಡಾಂಬರು ವಾಸನೆ ಆಗದವರಿಗೆ, ನೆಲದಡಿ ಬಿಸಿನೀರಿನ ಪೈಪ್ ಓಡಿಸಿದವರಿಗೆ ಲೇಪನ ಕೊಟ್ಟ ಬೇರೆ ಕಾಗದಗಳಿವೆ.

ಇಷ್ಟೆಲ್ಲ ಆದರೂ, ಯಾವ ಕಾಗದವೂ ಒದ್ದೆ ಮನೆಯನ್ನು ಕಾಪಾಡುವುದಿಲ್ಲ. ಅದರಲ್ಲಿ ನೂರಾರು ಮೊಳೆ ತೂತು ಬೀಳುತ್ತವೆ! ಅದಕ್ಕೇ ಮೊದಲು ತೇವದ ಮೀಟರ್ ಹಿಡಿಯಿರಿ. ಎರಡು ಸೂಜಿ ಚುಚ್ಚಿದಾಗ ಪ್ಲೈವುಡ್ ಶೇ. 12, ಹಲಗೆ ಶೇ. 7 ತೇವ ತೋರಿಸಿದರೆ ನಾನು ಮೊಳೆ ಮುಟ್ಟುವುದಿಲ್ಲ. ಇವೆರಡರ ತೇವ 3 ಇಂಚಿಗಿಂತ ಕಿರಿದಾದ ಹಲಗೆಗೆ ಶೇ. 4, ಅಷ್ಟು ಅಥವಾ ಅದಕ್ಕಿಂತ ಅಗಲದ್ದಕ್ಕೆ ಶೇ. 2 ವ್ಯತ್ಯಾಸದೊಳಗೆ ಇರಬೇಕು. ಇಲ್ಲದಿದ್ದರೆ ತಿಂಗಳುಗಳಲ್ಲೇ ಹಲಗೆಯ ಅಂಚುಗಳು ಮೇಲೇಳುತ್ತವೆ. ಮನೆಯಡಿ ತೆವಳುವಷ್ಟೇ ಎತ್ತರದ ಜಾಗವಿದ್ದು ಅಲ್ಲಿ ಬರೀ ಮಣ್ಣಿದ್ದರೆ, ಆ ಮಣ್ಣಿನ ಮೇಲೆ 6 ಮಿಲ್ (ಇಂಚಿನ ಸಾವಿರದಲ್ಲಿ ಆರು ಪಾಲು) ದಪ್ಪದ ಪ್ಲಾಸ್ಟಿಕ್ ಹಾಸಿಸಿ. ಪ್ಲಾಸ್ಟಿಕ್‌ಗೆ ಸರಿಯಾದ ಜಾಗ ಅದು.

ಕಾಗದ ಬಿಚ್ಚುವ ಮುಂಚೆ ಪ್ಲೈವುಡ್ ಮೇಲೆ ಒಮ್ಮೆ ಓಡಾಡಿ. ಕಿರ್ರೆಂದ ಕಡೆಯೆಲ್ಲ ಕೆಳಗಿನ ತೊಲೆಗೆ ಸ್ಕ್ರೂ ಹಾಕಿ ಬಿಗಿ ಮಾಡಿ. ಆಮೇಲೆ ಕಾಗದವನ್ನು ಅಂಚಿನ ಮೇಲೆ ಅಂಚು 4 ಇಂಚು ಬರುವಂತೆ ಹಾಸಿ, ಸುಕ್ಕಿಲ್ಲದ ಹಾಗೆ ಸ್ಟೇಪಲ್ ಹೊಡೆಯಿರಿ.